ಹನ್ನೊಂದು ಎಣಿಸುವಷ್ಟು ಹೊತ್ತು

ಅಕ್ಟೋಬರ್ 14, ಸೋಮವಾರ

ಬೆಳಿಗ್ಗೆಯಿಂದ ಅಂಗಡಿಯಲ್ಲಿ ನಾಲ್ಕು ಫೋಟೋ ಚೌಕಟ್ಟು ಕೊಯ್ದೆ. ನಾಲ್ಕೂ ನಮ್ಮದೇ ಕಟ್ಟಡದ ಮೂರನೇ ಮಹಡಿಗೆ. ಹೊಸ ಮಕ್ಕಳ ಥೆರಪಿ ಸೆಂಟರಿನ ನಾಮ್‌ಗುಂಗ್ ಮೇಡಂ ಅವರ ಪ್ರಮಾಣಪತ್ರಗಳು. ಒಂದು ಅಮೆರಿಕದ್ದು. ಚಿನ್ನದ ಅಂಚೇ ಬೇಕಂತೆ. ಬುಸಾನಿನ ಅರ್ಧ ಡಾಕ್ಟರುಗಳ ಯೋಗ್ಯತೆಗೆ ಕಟ್ಟು ಹಾಕಿದವನು ನಾನು. ಕಟ್ಟು ಹಾಕಿದ್ದೆಲ್ಲ ಗಟ್ಟಿಯಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಂಜೆ ನಾರೆಯನ್ನು ಚರ್ಚಿನ ನೆಲಮಾಳಿಗೆಗೆ ಕರೆದೊಯ್ದೆ. ಮಗಳಿಗೆ ಐದು ತುಂಬುತ್ತ ಬಂತು, ಮಾತಿಲ್ಲ. ಆಟಿಸಂ. ಏನಾದರೂ ಇಷ್ಟವಾಗದಿದ್ದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾಳೆ. ಅಲ್ಲಿ ಆಡಿಸುವ ಪ್ಯೋ ಅಕ್ಕ ವಿಶೇಷ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ಆಯಾ ಆಗಿದ್ದವರು. ಏನು ಕಲಿಸುತ್ತಾರೋ... ಸುಮ್ಮನೆ ಕೂತಿರುತ್ತಾರೆ. ಒಂದು ಕೈ ಬೆನ್ನ ಹಿಂದೆ.

"ಕೈ ಯಾಕೆ ಹಿಂದೆ?" ಅಂದೆ.

"ಬೆರಳು ಎಣಿಸ್ತೀನಿ, ನಾರೆ ಅಪ್ಪ. ಕೇಳಿದ್ದು ಒಳಗೆ ಹೋಗಿ ಉತ್ತರ ಹೊರಡೋಕೆ ಇವಳಿಗೆ ಹನ್ನೊಂದು ಎಣಿಸೋಷ್ಟು ಹೊತ್ತು ಬೇಕು. ನಾವು ಮೂರಕ್ಕೇ ಬಾಯಿ ಹಾಕ್ತೀವಿ."

ನವೆಂಬರ್ 9, ಶನಿವಾರ

ನಾರೆಯ ಹುಟ್ಟುಹಬ್ಬ. ನನ್ನ ಅಮ್ಮ ಕಡಲಪಾಚಿ ಸಾರು ತಂದಿದ್ದಳು. ಆ ಸಾರು ಕುಡಿಯದಿದ್ದರೆ ಹುಟ್ಟಿದ್ದೇ ಸುಳ್ಳು ಅನ್ನುವವಳು. ಚಮಚ ಹಿಡಿದಳು. ನಾರೆಯ ಕೈ ಬಾಯಿಯತ್ತ ಎದ್ದಿತು. ಅಮ್ಮನನ್ನು ತಡೆದು ಎಣಿಸಿದೆ. ಒಂಬತ್ತು, ಹತ್ತು, ಹನ್ನೊಂದು...

"ಬೇಡ."

ಮೊದಲ ಮಾತು! ಹೆಂಡತಿ ಮಿರಾನ್ ಅಡುಗೆಮನೆಗೆ ಓಡಿಹೋಗಿ ಅತ್ತಳು. ಗಂಡನ ಧರ್ಮ, ನಾನೂ ಹಿಂದೆ ಹೋಗಿ ಅತ್ತೆ. ಅಮ್ಮನಿಗೆ ಮಾತ್ರ ಮುನಿಸು: "ಐದು ವರ್ಷ ಬಾಯಿ ಬಿಡದವಳು, ಬಿಟ್ಟಿದ್ದು ನನ್ನ ಸಾರಿನ ಮೇಲೇನಾ!"

ನವೆಂಬರ್ 20, ಬುಧವಾರ

ಕಾಲುಚೀಲ ಬೇಡ. ಸ್ನಾನ ಬೇಡ. ನಾನೂ ಬೇಡ. ಕೈ ಕಚ್ಚುವುದು ಮಾತ್ರ ನಿಂತಿದೆ.

ಮಿರಾನ್ ಲೆಕ್ಕ ಹಾಕಿದಳು: "ರೀ, ಒಬ್ಬ ಆಯಾನೇ ಇಷ್ಟು ಮಾಡಿದ್ರೆ, ಅಮೆರಿಕದ ಸರ್ಟಿಫಿಕೇಟ್ ಇರೋರು ಎಷ್ಟು ಮಾಡಬಹುದು! ಸರ್ಕಾರದ ಸಹಾಯಧನವೂ ಪೇಪರ್ ಇರೋರ ಹತ್ರ ಹೋದ್ರೆ ಮಾತ್ರ."

ತ್ರೈರಾಶಿ. ನನಗೂ ಸರಿಯೆನಿಸಿತು. ಆದರೂ ಪ್ಯೋ ಅಕ್ಕನನ್ನು ಕೇಳಿದೆ, "ನಿಮ್ಮ ಹತ್ರ ಏನಾದ್ರೂ ಪೇಪರ್ ಇದೆಯಾ?"

"ಡ್ರೈವಿಂಗ್ ಲೈಸೆನ್ಸ್ ಇದೆ. ನಡಿಯುತ್ತಾ?"

ನಕ್ಕರು. ಜೋಕು ಹೊಡೆಯುವುದು ನನ್ನ ಚಟ. ಇವತ್ತು ನಗಲೂ ಆಗಲಿಲ್ಲ.

ಡಿಸೆಂಬರ್ 2, ಸೋಮವಾರ

ಮೂರನೇ ಮಹಡಿ. ನಲವತ್ತು ನಿಮಿಷ ಮಗುವಿಗೆ, ಹತ್ತು ನಿಮಿಷ ಹೆತ್ತವರಿಗೆ. ಒಳಗೆ ನಡೆಯುವುದನ್ನು ನೋಡಲು ಗಾಜಿನ ಕಿಟಕಿಯಿತ್ತು. ನಾನು ಗೋಡೆ ನೋಡುತ್ತ ಕೂತೆ. ಎರಡನೆಯ ಚೌಕಟ್ಟು ಎಡಕ್ಕೆ ವಾಲಿತ್ತು, ಎದ್ದು ಸರಿಮಾಡಿದೆ.

"'ಬೇಡ' ಅನ್ನೋದು ತಪ್ಪಿಸಿಕೊಳ್ಳೋ ವರ್ತನೆ," ಎಂದರು ಮೇಡಂ. "ನಾವದಕ್ಕೆ ಗಮನ ಕೊಡಲ್ಲ. ಮನೇಲಿ ನೀವೂ ಕೊಡಬಾರದು."

"ಮೇಡಂ, ಅವಳಿಗೆ ಬರೋ ಮಾತೇ ಅದೊಂ—"

"ಇಲ್ಲೊಂದು ಸಹಿ ಹಾಕಿ."

ನನಗೂ ಮೂರೇ ಎಣಿಕೆ ಸಿಕ್ಕಿತು. ಹಾಕಿದೆ.

ಫೆಬ್ರವರಿ 11, ಮಂಗಳವಾರ

ಗ್ರಾಫ್ ಕೊಟ್ಟರು. "ಬೇಡ": ಮೊದಲ ವಾರ ಅರವತ್ತೆರಡು ಸಲ, ಈ ವಾರ ಸೊನ್ನೆ. ಮೇಡಂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಾರೆ ಕಿವಿ ಮುಚ್ಚಿಕೊಂಡಳು.

ಫೆಬ್ರವರಿ 27, ಗುರುವಾರ

ಎಡಗೈ ಮೇಲೆ ಹಲ್ಲಿನ ಗುರುತು. ಏಳು. ಗ್ರಾಫಿನಲ್ಲಿ ಇದಕ್ಕೆ ಜಾಗವಿಲ್ಲ.

ಚರ್ಚಿಗೆ ಓಡಿದೆ. ನೆಲಮಾಳಿಗೆಯಲ್ಲಿ ಟೇಬಲ್ ಟೆನಿಸ್ ನಡೆದಿತ್ತು. "ಪ್ಯೋ ಅವರಾ?" ಅಂದ ಕಾವಲುಗಾರ. "ಮಕ್ಕಳು ಒಂದೊಂದಾಗಿ ಬಿಟ್ಟುಹೋದ್ವು. ಪಾಪ, ಎಷ್ಟು ದಿನ ಇರ್ತಾರೆ?"

ಮೊದಲು ಬಿಟ್ಟವರು ಯಾರು ಅಂತ ನಾನು ಕೇಳಲಿಲ್ಲ.

ನವೆಂಬರ್ 9, ಭಾನುವಾರ

ಆರು ತುಂಬಿತು. ಮೇ ತಿಂಗಳಲ್ಲೇ ಮೂರನೇ ಮಹಡಿ ಬಿಡಿಸಿದೆವು. ಕಲಿಸಿದ್ದು ಬಿಡಲಿಲ್ಲ.

ಅಮ್ಮ ಸಾರು ತಂದಳು. ಮೂವತ್ತರವರೆಗೆ ಎಣಿಸಿದೆ. ನಾರೆ ಬಾಯಿ ತೆರೆದಳು—ಚಮಚಕ್ಕೆ. ಬಟ್ಟಲು ಪೂರ್ತಿ ಕುಡಿದಳು, ಓಕರಿಕೆ ತಡೆಯುತ್ತ. "ನೋಡಿದ್ಯಾ, ಓದಿದೋರ ಕೈಗೆ ಬಿದ್ರೆ ಹಿಂಗೆ!" ಅಮ್ಮನ ಮುಖ ಅರಳಿತು. ಕೊನೆಯ ಚಮಚ ಆದಮೇಲೆ ನಾರೆ ಮೇಜಿನ ಕೆಳಗೆ ಹೋಗಿ ಕೈ ಕಚ್ಚಿಕೊಂಡಳು.

ನವೆಂಬರ್ 18, ಮಂಗಳವಾರ, ಸಂಜೆ 4

ಅಂಗಡಿ. ನಾರೆ ಜೊತೆಗಿದ್ದಾಳೆ. ಆರ್ಡರ್ ಪುಸ್ತಕದ ಹಿಂದೆ ಬರೆಯುತ್ತಿದ್ದೇನೆ. ಪ್ಯೋ ಅಕ್ಕ ಬಂದಿದ್ದಾರೆ, ಕಟ್ಟು ಹಾಕಿಸಲು. ಅವರದೇ ಥೆರಪಿಸ್ಟ್ ಪ್ರಮಾಣಪತ್ರ.

"ಒಂದೇ ವರ್ಷದಲ್ಲಾ?"

"ಆರು ವರ್ಷದಿಂದ ಓದ್ತಿದ್ದೆ. ಪರೀಕ್ಷೆ ಒಂದು ಬಾಕಿ ಇತ್ತು. ನೀವು ಪೇಪರ್ ಇದೆಯಾ ಅಂದ್ರಿ. ಓದ್ತಿದ್ದೀರಾ ಅನ್ನಲಿಲ್ಲ."

ಈಗ ದೊಡ್ಡ ಆಸ್ಪತ್ರೆಯಲ್ಲಿದ್ದಾರೆ. ನಾರೆಗೆ ಜಾಗ ಕೇಳಿದೆ.

"ಎರಡು ವರ್ಷದ ವೇಟಿಂಗ್ ಲಿಸ್ಟ್, ನಾರೆ ಅಪ್ಪ. ನನ್ನ ಮಾತು ನಡಿಯಲ್ಲ. ಹೆಸರು ಬರೆಸಿಡಿ."

ಅಳತೆ ತೆಗೆದೆ. ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ್ದೇ ತಡ, ನಾರೆಯ ಕೈ ಬಾಯಿಗೆ ಹೋಯಿತು. ಪ್ಯೋ ಅಕ್ಕ ನೆಲದ ಮೇಲೆ ಕೂತರು. "ನಾರೆ, ಅಪ್ಪ ಮೊಳೆ ಹೊಡೀಲಾ?" ಒಂದು ಕೈ ಬೆನ್ನ ಹಿಂದೆ ಹೋಯಿತು. ನಾನು ಸುತ್ತಿಗೆ ಇಟ್ಟು ಪೆನ್ನು ಹಿಡಿದೆ. ಕೈಗೆ ಏನಾದರೂ ಕೆಲಸ ಕೊಡದಿದ್ದರೆ ನಾನೇ ಬಾಯಿ ಹಾಕಿಬಿಡುತ್ತೇನೆ.

ಎರಡು ಸಲ ಕೇಳಿ ಆಯಿತು. ಎರಡು ಸಲವೂ ಹನ್ನೊಂದು ದಾಟಿತು. ಐದಕ್ಕೆ ಅವರ ಬಸ್ಸು. ಮೂರನೆಯ ಸಲ ಕೇಳಿದ್ದಾರೆ. ಬೆರಳುಗಳು ಮಡಚಿಕೊಳ್ಳುತ್ತಿವೆ. ಎಂಟು. ಒಂಬತ್ತು. ಹತ್ತು. ಹನ್ನೊಂದು. ಹನ್ನೆರಡು. ಹದಿ—