ಐದು ಸಾವಿರ ಮೈಲು ಹಾರಿ ಬಂದ ಅಣ್ಣ

ಕರಾಚಿ, ೧೯೩೪

ಮಾಳಮಡ್ಡಿಯ ಕಾಕಾ ಅವರಿಗೆ ಇಂದುವಿನ ನಮಸ್ಕಾರ.

ರಮಾಕಾಂತಣ್ಣ ನಿನ್ನೆ ಲಂಡನ್ನಿನಿಂದ ವಿಮಾನದಲ್ಲಿ ಬಂದಿಳಿದ. ಐದು ಸಾವಿರ ಮೈಲಂತೆ! ಹಡಗಾದರೆ ಮೂರು ವಾರ, ಇದು ಒಂದೇ ವಾರದಲ್ಲಿ ತಂದುಬಿಟ್ಟಿತು. ಅಪ್ಪನ ಜ್ವರ ಇಳಿದ ಸುದ್ದಿಯ ನಿಮ್ಮ ತಂತಿ ನಮಗೆ ಬಂದಿತ್ತು, ಕಾಯಿಲೆಯ ಸುದ್ದಿ ಕೇಳಿ ಹೊರಟು ದಾರಿಯಲ್ಲಿದ್ದ ಅವನಿಗೆ ಅದು ಗೊತ್ತಿರಲಿಲ್ಲ. ನಾನು ಓಡಿಹೋಗಿ ಹೇಳಿದೆ. ಆದರೆ ಯಂತ್ರದ ಸದ್ದಿಗೆ ಅವನ ಕಿವಿ ಮುಚ್ಚಿಹೋಗಿತ್ತು. ನನ್ನ ಸಂತೋಷದ ಕಣ್ಣೀರು ನೋಡಿ ಅವನ ಮುಖ ಬಿಳಿಚಿತು. ಸಾಹೇಬರೆಲ್ಲ ತಿರುಗಿ ನೋಡುವಂತೆ ಕೂಗಿದೆ:

"ಅಣ್ಣಾ, ಅಪ್ಪಾ ಆರಾಮ ಅದಾರ! ಜ್ವರಾ ಇಳದಾವ!"

"ಖರೇ ಹೇಳಾಕತ್ತೀಯೇನ?" ಎಂದು ಮತ್ತೆ ಮತ್ತೆ ಕೇಳಿ, ಪೆಟ್ಟಿಗೆಯ ಮೇಲೆ ಕುಳಿತು ಅತ್ತುಬಿಟ್ಟ.

ಕಿವಿ ಇನ್ನೂ ಪೂರ್ತಿ ತೆರೆದಿಲ್ಲ, ಗಟ್ಟಿಯಾಗಿ ಮಾತಾಡಿರಿ. ಈ ಸಂಜೆ ರೈಲು ಹತ್ತುತ್ತಾನೆ. ಧಾರವಾಡ ಮುಟ್ಟಲು ಇನ್ನೂ ನಾಲ್ಕು ದಿನ ಬೇಕು. ಮುಂಬಯಿಯ ಟಪಾಲು ವಿಮಾನದಲ್ಲಿ ಚೀಲಗಳಿಗಷ್ಟೇ ಜಾಗವಂತೆ. ಹಾಗಾಗಿ ಅದರಲ್ಲಿ ಹೋಗುವ ಈ ಕಾರ್ಡು ಅವನಿಗಿಂತ ಮೊದಲು ಬರುತ್ತದೆ. ಅಷ್ಟರಲ್ಲಿ ಅಪ್ಪನಿಗೆ ಗಡ್ಡ ಮಾಡಿಸಿ, ದಿಂಬಿಗೆ ಒರಗಿಸಿ ಕೂಡಿಸಿರಿ. ಅಣ್ಣ ಬಾಗಿಲಲ್ಲಿ ನಿಂತು ಹೆದರಬಾರದು.

ನಿಮ್ಮ ಇಂದು