ಬುಲೆಟ್ ಬಿದ್ದ ಜಾಗದಿಂದ ಒಂದು ಮಾರು

ಜನವರಿ ೧೭, ಶನಿವಾರ

ಇವತ್ತು ಎಂ.ಕೆ. ಹುಬ್ಬಳ್ಳಿ ತಿರುವಿನಲ್ಲಿ ರಸ್ತೆಗೆ ಬಿದ್ದ ಕಬ್ಬಿನ ಒಣಗರಿ, ರವದಿಯ ಮೇಲೆ ನಾನು ಓಡಿಸುತ್ತಿದ್ದ ಅಪ್ಪನ ಬುಲೆಟ್ ಬೈಕ್ ಜಾರಿ ನನ್ನ ಕಾಲ ಮೇಲೆಯೇ ಬಿತ್ತು. ಹಿಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಬರುತ್ತಿತ್ತು. ಅದರ ಹಾಡಿನ ಅಬ್ಬರದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಒಂದು ಮಾರು ದೂರದಲ್ಲಿ ಅದು ನಿಂತಿತು.

ಪಕ್ಕದ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ದೇವಕ್ಕ ಓಡಿಬಂದು ಕಾಲು ಬಿಡಿಸಿದಳು. ನಾನು ಹ್ಯಾಂಡಲ್ ಹಿಡಿದು ಎಳೆದರೆ ಗಾಡಿ ಮಿಸುಕಲಿಲ್ಲ.

"ಜಗ್ಗಬ್ಯಾಡ ತಂಗಿ. ಕಬ್ಬಿನ ಹೊರಿ ಎತ್ತಿದಂಗ ಕುಂತು ಬೆನ್ನು ಕೊಡು, ಕಾಲಿನ ಕಸುವಿನ್ಯಾಗ ಏಳು," ಅಂದಳು.

ಇಬ್ಬರೂ ಸೀಟಿಗೆ ಬೆನ್ನು ಕೊಟ್ಟು ಎದ್ದೆವು, ಗಾಡಿಯೂ ಎದ್ದಿತು.

ಬ್ರೇಕ್ ಹಾಕಿದ್ದಕ್ಕೆ ಡ್ರೈವರನಿಗೆ ಕೈ ಮುಗಿದೆ. ಅವನ ಮುಖ ಬಿಳಿಚಿತ್ತು. "ನಾ ನಿಮ್ಮನ್ನ ನೋಡೇ ಇಲ್ರೀ ಅಕ್ಕಾರ. ಡೀಸೆಲ್ ಮುಗದು ನಿಂತೈತಿ."

ಕಣ್ಣು ಮುಚ್ಚಿದರೆ ಆ ಹಾಡು ಹತ್ತಿರ ಬರುತ್ತದೆ.