ಕುದುರೆ ಹುಷಾರು

ಭಾನುವಾರ, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಬರೆಯುವುದು ತಡವಾಯಿತು, ಬೈಯಬೇಡ. ಶಾಲೆಯ ಸಮವಸ್ತ್ರ ಹೊಲಿಯುವ ಕಾಲ, ಕೈಗೆ ಬಿಡುವಿಲ್ಲ. ಅದೂ ಅರ್ಧ ಸುಳ್ಳೇ. ಸಿಟ್ಟು ಇಳಿಯಲಿ ಎಂದು ಕಾದೆ. ಪೂರ್ತಿ ಇಳಿದಿಲ್ಲ.

ನನ್ನ ಮಗಳು, ನಿನ್ನ ಮುದ್ದಿನ ಸೊಸೆ, ಊಟ ಮಾಡುತ್ತಾಳೆ, ಮಾತು ಬಿಟ್ಟಿದ್ದಾಳೆ. ನೀವು ಆನ್‌ಲೈನ್ ಚೆಸ್ ಟೂರ್ನಿಯ ತೀರ್ಪುಗಾರರು ಅವಳ ಹೆಸರಿನ ಮುಂದೆ 'ಮೋಸ' ಎಂದು ಹಾಕಿದ್ದೀರಲ್ಲ. ಸೋತಿದ್ದರೆ ಅತ್ತು ಮಲಗಿಬಿಡುತ್ತಿದ್ದಳು. ಈಗ ಶಾಲೆಯಲ್ಲಿ 'ಕಳ್ಳಿ ಬಂದ್ಲು' ಅನ್ನುತ್ತಾರಂತೆ.

ನಡೆದದ್ದು ಇಷ್ಟು. ನೀವು ಹೇಳಿದ ಹಾಗೇ ಬೆನ್ನ ಹಿಂದೆ ಎರಡನೇ ಕ್ಯಾಮೆರಾ ಇಟ್ಟೆವು, ಮೈಕು ತೆರೆದಿಟ್ಟೆವು. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಮೆಟ್ಟಿಲ ಮೇಲೆ ಹೋಗಿ ಕೂತೆ. ಹಾಸಿಗೆ ಹಿಡಿದ ಅಮ್ಮನನ್ನು ಎಲ್ಲಿಗೆ ಕಳಿಸಲಿ? ಇರುವುದೊಂದೇ ಕೋಣೆ. ಮಂಚ ಕ್ಯಾಮೆರಾಕ್ಕೆ ಕಾಣುವ ಹಾಗೆಯೇ ಇತ್ತು, ಮುಚ್ಚಿಟ್ಟದ್ದೇನಿಲ್ಲ. ಆಟದ ನಡುವೆ ಅಮ್ಮ, 'ಕುದುರೆ ಹುಷಾರು, ಮಗಾ' ಎಂದಳಂತೆ. ಅದೇ ಹೊತ್ತಿಗೆ ಹುಡುಗಿ ಕುದುರೆ ನಡೆಸಿದಳು. ಯಾರೋ ನಡೆ ಹೇಳಿಕೊಟ್ಟರು ಎಂದು ತೀರ್ಪಾಯಿತು.

ಅಮ್ಮನಿಗೆ ಚೆಸ್ ಎಷ್ಟು ಬರುತ್ತದೆಂದು ನಿನಗಿಂತ ಬಲ್ಲವರು ಯಾರು? ಆನೆ ಯಾವುದು, ಒಂಟೆ ಯಾವುದು, ಗೊತ್ತಿಲ್ಲ. ಮುಖ ಇರುವುದು ಕುದುರೆಯೊಂದಕ್ಕೇ ಎಂದು ಅದೊಂದು ಹೆಸರು ಕಲಿತಳು. ನೀನು ಚಿಕ್ಕವನಿದ್ದಾಗ ಪಾತ್ರೆ ಉಜ್ಜುತ್ತ, ಹಲಗೆಯ ಕಡೆ ನೋಡದೆಯೇ ಹಾಗೆ ಕೂಗುತ್ತಿದ್ದಳು. 'ಅಮ್ಮಾ, ಕುದುರೆ ಸತ್ತು ಎಷ್ಟೊತ್ತಾಯ್ತು' ಎಂದು ನೀನು ರೇಗುತ್ತಿದ್ದೆ.

ಹುಡುಗಿಯ ಆ ನಡೆಯನ್ನು ನಿಮ್ಮ ಕಂಪ್ಯೂಟರಿಗೇ ತೋರಿಸಿ. ಶುದ್ಧ ಪೆದ್ದು ನಡೆ, ಅದರಿಂದಲೇ ಆನೆ ಕಳೆದುಕೊಂಡಳು. ಕದಿಯುವವರು ಹುಡುಕಿ ಹುಡುಕಿ ತಪ್ಪನ್ನು ಕದಿಯುತ್ತಾರೇನೋ?

ತೀರ್ಪಿಗೆ ಕೂತಾಗ ಹುಡುಗಿಯ ಹೆಸರು ಕಂಡೊಡನೆ, 'ನನ್ನ ಅಕ್ಕನ ಮಗಳು, ನಾನಿಲ್ಲಿ ಕೂರಬಾರದು' ಎಂದು ನೀನು ಎದ್ದು ಹೋದೆಯಂತೆ. ನಿನ್ನ ಜೊತೆಯ ತೀರ್ಪುಗಾರರೇ ಫೋನಿನಲ್ಲಿ ಹೇಳಿದರು. ಕೇಳಿ ಹೆಮ್ಮೆಯಾಯಿತು. ಆಮೇಲೆ ಮೈ ಉರಿಯಿತು. ಆಟಗಾರರ ಕೋಣೆಯಲ್ಲಿ ಮತ್ತೊಬ್ಬರು ಇರಕೂಡದು ಎಂಬ ನಿಯಮ ಬರೆದವನು ನೀನೇ ಅಲ್ಲವೇ? ಆಗ ಯಾಕಪ್ಪ ಏಳಲಿಲ್ಲ? ಇಡೀ ಸಂಸಾರದ ಕಾಲುಗಳ ನಡುವೆ ಹಲಗೆ ಹಾಸಿ ಆಟ ಕಲಿತವನು ನೀನು. ಬಾಗಿಲು ಹಾಕಿಕೊಳ್ಳಲು ಸ್ವಂತ ಕೋಣೆ ಇದ್ದವರು ಮಾತ್ರ ಪ್ರಾಮಾಣಿಕರೇ? ಮೋಸ ಮಾಡುವವರನ್ನು ಹಿಡಿಯಿರಿ, ಬಿಡಬೇಡಿ. ಜಾಗವಿಲ್ಲದವರನ್ನು ಹಿಡಿದು ಮೋಸಗಾರರನ್ನು ಹಿಡಿದೆವು ಎನ್ನಬೇಡಿ.

ನಮಗೆ ದಯೆ ಬೇಡ. ಮೇಲ್ಮನವಿ ಹಾಕಿದ್ದೇನೆ. ತೀರ್ಪುಗಾರನಾಗಿ ಕೂರಬೇಡ, ಸಾಕ್ಷಿಯಾಗಿ ಬಂದು ಆ ದನಿ ಯಾರದೆಂದು ಹೇಳು. ಮುಂದಿನ ಸಲ ಇಂಥ ಮಕ್ಕಳಿಗೆ ಯಾವುದಾದರೂ ಶಾಲೆಯ ಕೊಠಡಿ ತೆರೆಸಿ, ಕಾವಲಿಗೆ ಬೇಕಾದರೆ ನೀನೇ ನಿಲ್ಲು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೊಂದು ಅಂಗಿ ಹೊಲಿದಿಟ್ಟಿದ್ದೇನೆ, ಅಳತೆ ಇನ್ನೂ ನೆನಪಿದೆ. ನೂರು ಕಾಲ ಚೆನ್ನಾಗಿರು.

ನಿನ್ನ ಅಕ್ಕ

ಒಂದು ಮಾತು ಉಳಿಯಿತು. ಅಮ್ಮ ಅದನ್ನು ಹುಡುಗಿಗೆ ಹೇಳಿದ್ದಲ್ಲ. ಈಚೆಗೆ ಅವಳಿಗೆ ಆಟದ ಮುಂದೆ ಬಗ್ಗಿ ಕೂತ ಬೆನ್ನು ನಿನ್ನದಾಗಿ ಕಾಣುತ್ತದೆ. ನೀವು ಆಟ ನಿಲ್ಲಿಸಿದ ಮೇಲೆ ಹುಡುಗಿ ಹೊರಗೆ ಹೋದಳು, ನಾನು ಒಳಗೆ ಬಂದೆ. ಅಮ್ಮ, 'ನನ್ನ ಮಗ ಎದ್ದು ಹೋದ್ನಾ?' ಎಂದು ಕೇಳಿದಳು. ಹೂಂ ಎಂದೆ.